ತುಮಕೂರಲ್ಲಿ ಮನೆ ತಗೊಳ್ಳೋವಾಗ ಸ್ಕೂಲಿನ ಲೆಕ್ಕ: ಹಳಿ ಈ ಕಡೆನಾ, ಆ ಕಡೆನಾ?

ತುಮಕೂರಲ್ಲಿ ಈಗ ಮನೆ ನೋಡೋಕೆ ಹೋದ್ರೆ, ಜೊತೇಲಿ ಮಕ್ಕಳಿರೋದು ಕಂಡ ತಕ್ಷಣ ಬ್ರೋಕರ್ ಬಾಯಿಂದ ಬರೋ ಮೊದಲ ಮಾತು ಒಂದೇ, "ಸ್ಕೂಲು ಇಲ್ಲೇ ಪಕ್ಕದಲ್ಲೇ ಮೇಡಂ, ನಡ್ಕೊಂಡೇ ಹೋಗ್ಬೋದು". ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ, ಖಾತೆ ಯಾವ್ದು, ರೋಡು ಎಷ್ಟು ಅಡಿ, ಇದೆಲ್ಲ ಆಮೇಲೆ. ಅದೇ ಅಳತೆ ಸೈಟು, ಅದೇ ಥರದ ಮನೆ, ಹೆಸರಿರೋ ಸ್ಕೂಲಿನ ಹಿಂದಿನ ರೋಡಲ್ಲಿದ್ರೆ ಒಂದು ರೇಟು, ಅಲ್ಲಿಂದ ನಾಲ್ಕು ರೋಡು ಆಚೆಗಿದ್ರೆ ಇನ್ನೊಂದು ರೇಟು. ನಾವು ಈಗ ಮನೆ ತಗೊಳ್ಳೋ ಓಡಾಟದಲ್ಲೇ ಇದ್ದೀವಿ, ಮಗಳು ಯುಕೆಜಿ, ಮುಂದಿನ ಜೂನ್‌ಗೆ ಒಂದನೇ ಕ್ಲಾಸು, ಮಗ ಇನ್ನೂ ಚಿಕ್ಕೋನು, ಹಂಗಾಗಿ ಈ "ಸ್ಕೂಲು ಹತ್ರ" ಅನ್ನೋ ಮಾತನ್ನ ನಾನು ತುಂಬಾ ದಿನದಿಂದ ತಲೇಲಿ ಹಾಕ್ಕೊಂಡು ತಿರುಗಿಸಿ ನೋಡ್ತಾ ಇದ್ದೀನಿ. ಅದನ್ನ ಬರೆದಿಡೋಣ ಅನ್ನಿಸ್ತು, ಇದೇ ವಯಸ್ಸಿನ ಮಕ್ಕಳಿಟ್ಕೊಂಡು ಮನೆ ಹುಡುಕ್ತಿರೋರು ನಮ್ಮೂರಲ್ಲಿ ಬಹಳ ಜನ ಇದ್ದಾರೆ.

ಮೊದಲು ನಮ್ಮ ನಾದಿನಿ ವಿಷಯ ಹೇಳ್ತೀನಿ, ಯಾಕಂದ್ರೆ ಈ ಯೋಚನೆ ಶುರುವಾಗಿದ್ದೇ ಅವಳ ಜೊತೆ ಫೋನಲ್ಲಿ ಮಾತಾಡೋವಾಗ. ಅವಳು ಇರೋದು ಇಂಗ್ಲೆಂಡಲ್ಲಿ. ಅಲ್ಲಿ ಸರ್ಕಾರಿ ಸ್ಕೂಲಿಗೇ ಬಹುತೇಕ ಎಲ್ಲರ ಮಕ್ಕಳೂ ಹೋಗೋದು, ಫೀಸ್ ಇಲ್ಲ, ಆದ್ರೆ ಚೆನ್ನಾಗಿರೋ ಸ್ಕೂಲಿಗೆ ಸೀಟಿಗಿಂತ ಜಾಸ್ತಿ ಅರ್ಜಿ ಬಂದ್ರೆ ಯಾರಿಗೆ ಮೊದಲು ಕೊಡ್ಬೇಕು ಅನ್ನೋದಕ್ಕೆ ಒಂದು ಕ್ರಮ ಇರುತ್ತೆ. ಅಪ್ಪ ಅಮ್ಮ ನೋಡ್ಕೊಳ್ಳೋಕಾಗದೆ ಸರ್ಕಾರದ ಆಶ್ರಯದಲ್ಲಿರೋ ಮಕ್ಕಳಿಗೆ ಮೊದಲು, ಬಹಳ ಕಡೆ ಅಣ್ಣನೋ ಅಕ್ಕನೋ ಅದೇ ಸ್ಕೂಲಲ್ಲಿ ಓದ್ತಿರೋರಿಗೆ ಆಮೇಲೆ, ಅದಾದ್ಮೇಲೆ ಮನೆ ಎಷ್ಟು ಹತ್ರ ಇದೆ ಅನ್ನೋ ಲೆಕ್ಕ. ಕೆಲವು ಸ್ಕೂಲುಗಳಿಗೆ ಕ್ಯಾಚ್‌ಮೆಂಟ್ ಏರಿಯಾ ಅಂತ ಮ್ಯಾಪಲ್ಲೇ ಗೆರೆ ಎಳೆದಿರ್ತಾರೆ. ಹೋದ ವರ್ಷ ಕೊನೇ ಸೀಟು ಸಿಕ್ಕಿದ ಮಗುವಿನ ಮನೆ ಎಷ್ಟು ದೂರ ಇತ್ತು ಅನ್ನೋದನ್ನೂ ಅಲ್ಲಿನ ಕೌನ್ಸಿಲ್‌ನೋರು ಹಾಕ್ತಾರೆ. ಪ್ರೈಮರಿಗೆ ಜನವರಿ 15ರ ಒಳಗೆ ಅರ್ಜಿ, ಏಪ್ರಿಲ್ 16ಕ್ಕೆ ಯಾವ ಸ್ಕೂಲು ಅಂತ ಗೊತ್ತಾಗುತ್ತೆ. ಸುಳ್ಳು ಅಡ್ರೆಸ್ ಕೊಟ್ಟು ಸಿಕ್ಕಿಹಾಕ್ಕೊಂಡ್ರೆ ಕೊಟ್ಟ ಸೀಟನ್ನೂ ವಾಪಸ್ ತಗೋಬೋದು.

"ಅತ್ತಿಗೆ, ನಾವು ಮನೆ ನೋಡಿದ್ದಲ್ಲ, ಸ್ಕೂಲ್ ನೋಡಿ ಅದಕ್ಕೆ ಮನೆ ಹುಡುಕಿದ್ದು" ಅಂದ್ಳು. ಅಷ್ಟೆಲ್ಲ ಮಾಡಿದ್ರೂ ಗ್ಯಾರಂಟಿ ಏನಿಲ್ಲ ಅಂತೆ, ಒಂದು ವರ್ಷ ಅಣ್ಣ ತಮ್ಮಂದಿರ ಸೀಟೇ ಜಾಸ್ತಿ ಆಗೋದ್ರೆ ದೂರದ ಲೆಕ್ಕ ಕುಗ್ಗಿಹೋಗುತ್ತೆ, ಹೋದ ವರ್ಷ ಸಿಕ್ಕಿದ ರೋಡಿಗೆ ಈ ವರ್ಷ ಸಿಗಲ್ಲ.

ನನಗೆ ಅನ್ನಿಸಿದ್ದು ಇಷ್ಟು. ಅಲ್ಲಿ ಅಡ್ರೆಸ್ ಕೊಟ್ಟು ಸೀಟಿನ ಹತ್ರ ಹೋಗ್ಬೋದು, ಹಂಗಾಗಿ ಜನ ಮನೆಗೆ ಜಾಸ್ತಿ ದುಡ್ಡು ಕೊಡೋದಕ್ಕೆ ಒಂದು ಕಾರಣ ಇದೆ. ನಮ್ಮೂರಲ್ಲಿ ಪ್ರೈವೇಟ್ ಸ್ಕೂಲಿಗೆ ಅಂಥ ಗೆರೆನೇ ಇಲ್ಲ. ಕ್ಯಾತ್ಸಂದ್ರದಲ್ಲಿರೋ ಮಗು ಗುಬ್ಬಿಗೇಟ್ ಕಡೆ ಸ್ಕೂಲಿಗೆ ಸೇರ್ಬೋದು, ಹೆಗ್ಗೆರೆಯಿಂದ ಬಟವಾಡಿಗೆ ಬರ್ಬೋದು, ಫೀಸ್ ಕಟ್ಟಿ ಸೀಟಿದ್ರೆ ಆಯ್ತು. ಗೋಡೆ ಪಕ್ಕದ ಮನೆ ತಗೊಂಡ್ರೂ ಆ ಸ್ಕೂಲಲ್ಲಿ ಸೀಟು ನಮ್ಮ ಹಕ್ಕಾಗಲ್ಲ. ಅಂದ್ರೆ ಬ್ರೋಕರ್ ಹೇಳೋ ಆ "ಪಕ್ಕದಲ್ಲೇ" ಅನ್ನೋದಕ್ಕೆ ನಾವು ಜಾಸ್ತಿ ಕೊಡೋ ದುಡ್ಡು ಸೀಟಿಗಲ್ಲ, ಮಗು ದಿನಾ ಹೋಗಿ ಬರೋ ರೋಡಿಗೆ. ಹಂಗಿದ್ಮೇಲೆ ನೋಡ್ಬೇಕಾಗಿರೋದು ಆ ರೋಡನ್ನ. ನಾನು ಹೇಳ್ಬೇಕು ಅಂತಿರೋದು ಮುಖ್ಯವಾಗಿ ಇದೇ.

ಅಡ್ರೆಸ್ ನಿಜವಾಗ್ಲೂ ಲೆಕ್ಕಕ್ಕೆ ಬರೋ ಎರಡು ಜಾಗ ನಮ್ಮಲ್ಲೂ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದರ ಬಗ್ಗೆ ಅರ್ಧಂಬರ್ಧ ಕೇಳಿರೋ ಮಾತು ನಂಬ್ಕೊಂಡು ಮನೆ ತಗೊಳ್ಳೋರು ಇದ್ದಾರೆ.

ಒಂದು ಆರ್‌ಟಿಇ, ಅಂದ್ರೆ ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪ್ರೈವೇಟ್ ಸ್ಕೂಲುಗಳು ಶುರುವಿನ ಕ್ಲಾಸಲ್ಲಿ 25 ಪರ್ಸೆಂಟ್ ಸೀಟನ್ನ ನೆರೆಹೊರೆಯ ಬಡ ಮತ್ತು ಹಿಂದುಳಿದ ಕುಟುಂಬದ ಮಕ್ಕಳಿಗೆ ಫ್ರೀಯಾಗಿ ಕೊಡ್ಬೇಕು ಅಂತ ಇದೆ. ನೆರೆಹೊರೆ ಅಂದ್ರೆ ಎಷ್ಟು ದೂರ ಅಂತ ಕೇಂದ್ರದ ನಿಯಮದಲ್ಲಿ ಹೇಳಿದ್ದಾರೆ, 1ರಿಂದ 5ನೇ ಕ್ಲಾಸಿಗೆ ಮಗು ನಡೆದು ಹೋಗೋ ಹಾಗೆ 1 ಕಿಲೋಮೀಟರ್ ಒಳಗೆ ಸ್ಕೂಲಿರಬೇಕು, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ. ಕೆಲವು ವರ್ಷ ನಮ್ಮ ರಾಜ್ಯದಲ್ಲಿ ಈ ಸೀಟಿಗೆ ಎಷ್ಟು ಓಡಾಟ ಇತ್ತು ಅಂದ್ರೆ, ಒಳ್ಳೆ ಸ್ಕೂಲಿನ ಅಕ್ಕಪಕ್ಕ ಬಾಡಿಗೆ ಮನೆ ಕರಾರು ಮಾಡಿಸ್ಕೊಂಡು ಆಧಾರ್ ಅಡ್ರೆಸ್ ಬದಲಾಯಿಸ್ಕೊಂಡೋರನ್ನ ನಾನೇ ನೋಡಿದ್ದೀನಿ. ಆದ್ರೆ 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಾಯಿಸ್ತು. ನೆರೆಹೊರೆಯಲ್ಲಿ ಸರ್ಕಾರಿ ಸ್ಕೂಲೋ ಅನುದಾನಿತ ಸ್ಕೂಲೋ ಇದ್ರೆ ಅಲ್ಲಿನ ಪ್ರೈವೇಟ್ ಸ್ಕೂಲಲ್ಲಿ ಆರ್‌ಟಿಇ ಸೀಟು ಇಲ್ಲ ಅಂತ. ಹೈಕೋರ್ಟೂ ಅದನ್ನ ಎತ್ತಿಹಿಡೀತು. ತುಮಕೂರಂಥ ಹಳೇ ಊರಲ್ಲಿ ಸರ್ಕಾರಿ ಸ್ಕೂಲೋ ಅನುದಾನಿತ ಸ್ಕೂಲೋ ಇಲ್ಲದ ಏರಿಯಾ ಹುಡುಕೋದೇ ಕಷ್ಟ. ಈಗ್ಲೂ "ಇಲ್ಲಿ ಮನೆ ತಗೊಂಡ್ರೆ ಆರ್‌ಟಿಇಲಿ ಸೀಟ್ ಮಾಡಿಸ್ಬೋದು ಮೇಡಂ" ಅನ್ನೋರು ಸಿಗ್ತಾರೆ. ದಯವಿಟ್ಟು ಆ ಮಾತಿಗೆ ಒಂದು ರೂಪಾಯಿ ಜಾಸ್ತಿ ಕೊಡ್ಬೇಡಿ.

ಇನ್ನೊಂದು ಕೇಂದ್ರೀಯ ವಿದ್ಯಾಲಯ. ನಮ್ಮ ತುಮಕೂರಲ್ಲೂ ಇದೆ. ಅಲ್ಲಿ ಮೊದಲು ಕೇಂದ್ರ ಸರ್ಕಾರಿ ನೌಕರರ ಮಕ್ಕಳು, ಆಮೇಲೆ ಬೇರೆ ಬೇರೆ ಕೆಟಗರಿ ಅಂತ ಒಂದು ಕ್ರಮ ಇದೆ, ಮನೆ ಪಕ್ಕದಲ್ಲಿದೆ ಅಂತ ಕೊಡಲ್ಲ. ಆದ್ರೆ 1ನೇ ಕ್ಲಾಸಲ್ಲಿ 25 ಪರ್ಸೆಂಟ್ ಆರ್‌ಟಿಇ ಸೀಟಿಗೆ ಮಾತ್ರ ದೂರ ಬೇಕೇ ಬೇಕು, ಜಿಲ್ಲಾ ಕೇಂದ್ರಗಳಲ್ಲಿ ಸ್ಕೂಲಿಂದ 5 ಕಿಲೋಮೀಟರ್ ದೂರದ ಒಳಗೆ ಇರೋರಿಗೆ, ಲಾಟರಿ ಎತ್ತಿ ಕೊಡ್ತಾರೆ. 5 ಕಿಲೋಮೀಟರ್ ಅಂದ್ರೆ ನಮ್ಮೂರಿನ ದೊಡ್ಡ ಭಾಗ ಅದರೊಳಗೇ ಬರುತ್ತೆ, ಅದಕ್ಕೋಸ್ಕರ ಇಂಥದ್ದೇ ಲೇಔಟಲ್ಲಿ ಮನೆ ತಗೊಳ್ಳೋ ಅವಶ್ಯಕತೆ ಇಲ್ಲ. ಲಾಟರಿ ಮೇಲೆ ನಂಬಿಕೆ ಇಟ್ಟು 20 ವರ್ಷದ ಸಾಲ ಮಾಡೋದೂ ಸರಿಯಲ್ಲ.

ಈಗ ರೋಡಿನ ವಿಷಯಕ್ಕೆ ಬರ್ತೀನಿ.

ನಮ್ಮೂರು ಗೊತ್ತಿರೋರಿಗೆ ಹೇಳ್ಬೇಕಾಗಿಲ್ಲ, ಊರು ಉದ್ದುದ್ದ ಇದೆ, ಮಧ್ಯೆ ಬಿ.ಹೆಚ್.ರೋಡು, ಒಂದು ಕಡೆ ಬೆಂಗಳೂರು ಅರಸೀಕೆರೆ ರೈಲ್ವೆ ಹಳಿ, ಇನ್ನೊಂದು ಕಡೆ ನ್ಯಾಷನಲ್ ಹೈವೇ. ಇಂಗ್ಲೆಂಡಲ್ಲಿ ಕೌನ್ಸಿಲ್‌ನೋರು ಮ್ಯಾಪಲ್ಲಿ ಎಳೆಯೋ ಗೆರೆನ ಇಲ್ಲಿ ಹಳಿ ಮತ್ತು ಹೈವೇ ಎಳೆದುಬಿಟ್ಟಿವೆ. ಉಪ್ಪಾರಹಳ್ಳಿಯಲ್ಲೋ ಶೆಟ್ಟಿಹಳ್ಳಿ ಕಡೆನೋ ಮನೆ, ಸ್ಕೂಲು ಬಿ.ಹೆಚ್.ರೋಡ್ ಕಡೆ ಅಂದ್ರೆ, ಮ್ಯಾಪಲ್ಲಿ ನೋಡಿದ್ರೆ ಒಂದೂವರೆ ಕಿಲೋಮೀಟರ್ ಇಲ್ಲ ಅನ್ನಿಸುತ್ತೆ. ಬೆಳಿಗ್ಗೆ 8 ಗಂಟೆ ಮೇಲೆ ಉಪ್ಪಾರಹಳ್ಳಿ ಫ್ಲೈಓವರ್ ಹತ್ತಿ ಇಳಿದು ನೋಡಿ, ಇಲ್ಲ ಜೋರು ಮಳೆ ಬಂದ ಮಾರನೇ ದಿನ ಶೆಟ್ಟಿಹಳ್ಳಿ ಅಂಡರ್‌ಪಾಸ್ ಹತ್ರ ಹೋಗಿ ನಿಂತ್ಕೊಂಡು ನೋಡಿ. ನೀರು ನಿಂತ್ರೆ ಸ್ಕೂಲ್ ವ್ಯಾನು, ಆಟೋ, ಸ್ಕೂಟರು ಎಲ್ಲ ಸುತ್ತಾಕ್ಕೊಂಡು ಫ್ಲೈಓವರ್ ಕಡೆಗೇ ಬರ್ತವೆ, ಅಲ್ಲಿ ಆಗ್ಲೇ ಜಾಮು. ಹಳಿ ಆಚೆ ಮನೆಗಳು ಕಮ್ಮಿ ರೇಟಿಗೆ ಸಿಗ್ತವೆ, ಗಾಳಿ ಬೆಳಕು ಚೆನ್ನಾಗಿರೋ ಹೊಸ ಲೇಔಟುಗಳೂ ಆ ಕಡೆ ಇವೆ, ನಾನು ಅಲ್ಲಿ ಬೇಡ ಅಂತಿಲ್ಲ. ಹಳಿ ಆಚೆ ಮನೆ ತಗೊಂಡ್ರೆ ಹಳಿ ಆಚೆಯ ಸ್ಕೂಲನ್ನೇ ನೋಡಿ, ಈ ಕಡೆ ತಗೊಂಡ್ರೆ ಈ ಕಡೆದನ್ನೇ ನೋಡಿ ಅಂತಿದ್ದೀನಿ. ಮರಳೂರಿಂದ ಹಿಡಿದು ಆ ಭಾಗದಲ್ಲೇ ಈಗ ಸ್ಕೂಲುಗಳು ಸಾಕಷ್ಟಿವೆ. ದಿನಕ್ಕೆ ಎರಡು ಸಲ, ವರ್ಷಕ್ಕೆ ಇನ್ನೂರು ಚಿಲ್ಲರೆ ದಿನ, ಒಂದು ಮಗು ಹಳಿ ದಾಟ್ಬೇಕು ಅಂದ್ರೆ ಅದು ಮನೆ ತಗೊಳ್ಳೋ ದಿನವೇ ಯೋಚಿಸ್ಬೇಕಾದ ವಿಷಯ.

ಹೈವೇ ಕಡೆನೂ ಅಷ್ಟೆ. ಅಂತರಸನಹಳ್ಳಿ ಕಡೆಯಿಂದ ಬರೋರಿಗೆ ಲಾರಿಗಳ ಕಾಟ ಎಷ್ಟು ಅಂತ ಗೊತ್ತು, ಎಪಿಎಂಸಿ ಮಾರ್ಕೆಟ್ ಅಲ್ಲೇ ಇರೋದು, ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗೋ ಗಾಡಿಗಳೂ ಆ ಹೈವೇಲೇ. ಸರ್ವಿಸ್ ರೋಡಲ್ಲಿ ಎದುರಿಂದ ರಾಂಗ್ ಸೈಡಲ್ಲಿ ಬರೋ ಗಾಡಿಗಳ ಮಧ್ಯೆ ಸೈಕಲ್ಲಲ್ಲಿ ಮಕ್ಕಳು ಬರೋದು ನೋಡಿದ್ರೆ ಎದೆ ಝಲ್ ಅನ್ನುತ್ತೆ. ಬಟವಾಡಿ ಹತ್ರ ಬೆಳಿಗ್ಗೆ ಹೊತ್ತು ಬೆಂಗಳೂರಿಂದ ಬರೋ ಬಸ್ಸು, ಕಾಲೇಜಿಗೆ ಹೋಗೋರು, ಸ್ಕೂಲ್ ಬಸ್ಸು ಎಲ್ಲ ಒಟ್ಟಿಗೆ ಸೇರ್ತವೆ.

ನಮ್ಮನೇಲಿ ಇನ್ನೊಂದು ತೊಡಕು ಇದೆ. ನಮ್ಮನೆಯವ್ರು ದಿನಾ ಟ್ರೈನಲ್ಲಿ ಯಶವಂತಪುರಕ್ಕೆ ಹೋಗಿ ಬರೋರು, ಊರಲ್ಲಿ ಸಾವಿರಾರು ಮನೆಗಳ ಕಥೆ ಇದೇ. ಅವ್ರಿಗೆ ಸ್ಟೇಷನ್ ಹತ್ರ ಬೇಕು. ಬೆಳಿಗ್ಗೆ ಮಗಳಿಗೆ ಶೂ ಹಾಕೋ ಹೊತ್ತಿಗೆ ಅವ್ರು ಟ್ರೈನಲ್ಲಿರ್ತಾರೆ, ಸಾಯಂಕಾಲ ಬರೋ ಹೊತ್ತಿಗೆ ಅವಳ ಹೋಂವರ್ಕ್ ಮುಗಿದಿರುತ್ತೆ. ನಾನು ಕೆಲಸ ಮಾಡೋದು ಟೌನ್‌ಹಾಲ್ ಹತ್ರ, 10 ಗಂಟೆಗೆ ಹೋದ್ರೆ 5.30. ಅಂದ್ರೆ ಬೆಳಿಗ್ಗೆ ಬಿಡೋದು ನಾನು, ಮಧ್ಯಾಹ್ನ ಕರ್ಕೊಂಡ್ ಬರೋದು ಯಾರು? ಅತ್ತೆ. ಅತ್ತೆ ಗುಬ್ಬಿ ಕಡೆಯೋರು, ಸ್ಕೂಟರ್ ಓಡ್ಸಲ್ಲ, ಮೊಣಕಾಲು ನೋವು, ಫ್ಲೈಓವರ್ ಹತ್ತೋದಂತೂ ಆಗೋ ಮಾತೇ ಅಲ್ಲ. ಒಂದು ದಿನ ನಾವಿಬ್ರೂ ಆ ಏರಿಯಾ ಈ ಏರಿಯಾ ಅಂತ ವಾದ ಮಾಡ್ತಿದ್ರೆ ಅತ್ತೆ ಹೇಳಿದ್ರು, "ಇಸ್ಕೂಲು ಹತ್ರ ಐತಾ ಅಂತ ಕೇಳ್ಬೇಡ ಕಣಮ್ಮ, ಮಗೀಗೆ ಮಧ್ಯಾಹ್ನ ಜ್ವರ ಬಂತು ಅಂತ ಫೋನ್ ಬಂದ್ರೆ ನನ್ ಕೈಲಿ ಹೋಗಿ ಕರ್ಕೊಂಬರೋಕಾಯ್ತದಾ ಅದ್ನ ನೋಡು". ನಾನು ಅಲ್ಲೀವರೆಗೂ ಓದಿದ್ದು ಕೇಳಿದ್ದು ಎಲ್ಲಕ್ಕಿಂತ ಈ ಒಂದು ಮಾತು ನನಗೆ ದಾರಿ ತೋರಿಸ್ತು. ಹಗಲು ಹೊತ್ತು ಮನೇಲಿ ಯಾರಿರ್ತಾರೋ, ಅವ್ರು ಯಾವ ಗಾಡಿ ಇಲ್ದೆ ಅರ್ಧ ಗಂಟೆ ಒಳಗೆ ಸ್ಕೂಲಿಗೆ ಹೋಗಿ ಮುಟ್ಬೋದಾ, ಅದೇ ಅಳತೆ. ಅಜ್ಜಿ ತಾತ ಜೊತೇಲಿಲ್ಲದೋರು, ಇಬ್ರೂ ಬೆಂಗಳೂರಿಗೆ ಓಡಾಡೋರು, ಸ್ಕೂಲಿಗಿಂತ ಮೊದಲು ಆ ಬೀದೀಲಿ ನಂಬಿಕೆ ಇರೋ ಅಕ್ಕಪಕ್ಕದೋರು ಸಿಗ್ತಾರಾ, ಡೇಕೇರ್ ಇದೆಯಾ ಅಂತ ನೋಡ್ಬೇಕಾಗುತ್ತೆ.

ಹಂಗಾಗಿ ಮನೆ ನೋಡೋಕೆ ಹೋಗೋದು ಭಾನುವಾರ ಮಾತ್ರ ಆಗ್ಬಾರ್ದು. ಭಾನುವಾರ ಎಲ್ಲ ರೋಡೂ ಚೆಂದ. ಸೋಮವಾರ ಬೆಳಿಗ್ಗೆ 8ರಿಂದ 9ರೊಳಗೆ ಹೋಗಿ, ಆ ಮನೆ ಗೇಟಿಂದ ಸ್ಕೂಲ್ ಗೇಟಿನವರೆಗೂ ಮಗುವಿನ ಕೈ ಹಿಡ್ಕೊಂಡು ನಡೀರಿ. ಫುಟ್‌ಪಾತ್ ಇದೆಯಾ, ಇದ್ರೆ ಅದರ ಮೇಲೆ ಬೈಕ್ ನಿಲ್ಲಿಸಿದ್ದಾರಾ, ಚರಂಡಿ ಮೇಲೆ ಚಪ್ಪಡಿ ಇದೆಯಾ ಬಾಯ್ಬಿಟ್ಕೊಂಡಿದೆಯಾ, ಬೀದಿ ನಾಯಿ ಗುಂಪು ಎಲ್ಲಿ ಇರುತ್ತೆ, ದೊಡ್ಡ ರೋಡು ದಾಟೋ ಕಡೆ ಪೊಲೀಸ್ ಇರ್ತಾರಾ ಇಲ್ಲ ಸ್ಕೂಲಿನೋರೇ ಯಾರಾದ್ರೂ ನಿಂತಿರ್ತಾರಾ. ಸ್ಮಾರ್ಟ್ ಸಿಟಿ ಕೆಲಸದಲ್ಲಿ ಕೆಲವು ರೋಡುಗಳಿಗೆ ಒಳ್ಳೆ ಫುಟ್‌ಪಾತ್ ಆಯ್ತು, ಅದನ್ನ ಒಪ್ಕೋಬೇಕು, ಆದ್ರೆ ಒಳಗಿನ ಕ್ರಾಸ್‌ಗಳಲ್ಲಿ ಇಲ್ಲ. ಬ್ಯಾಗಿನ ತೂಕನೂ ನೆನಪಿಟ್ಕೊಳ್ಳಿ, 1 ಮತ್ತು 2ನೇ ಕ್ಲಾಸಿಗೆ ಬ್ಯಾಗು ಒಂದೂವರೆಯಿಂದ 2 ಕೆಜಿ ಮೀರಬಾರ್ದು ಅಂತ 2019ರಲ್ಲೇ ನಮ್ಮ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿದೆ. ಎಷ್ಟು ಸ್ಕೂಲು ಪಾಲಿಸ್ತಿದ್ದಾವೆ ಅಂತ ಗೇಟ್ ಹತ್ರ ನಿಂತ್ರೆ ನಿಮಗೇ ಕಾಣುತ್ತೆ. ಸಾಯಂಕಾಲ ಸ್ಕೂಲು ಬಿಡೋ ಹೊತ್ತಲ್ಲೂ ಒಂದ್ಸಲ ಹೋಗಿ ಬನ್ನಿ, ಆ ಹೊತ್ತಿನ ರೋಡು ಬೇರೇನೇ ಇರುತ್ತೆ.

ಮಕ್ಕಳು ನಡ್ಕೊಂಡು ಸ್ಕೂಲಿಗೆ ಹೋಗೋದು ನನಗೆ ಬರೀ ಖರ್ಚಿನ ವಿಷಯ ಅಲ್ಲ. ನಾಲ್ಕು ಮನೆ ಮಕ್ಕಳು ಜೊತೆಯಾಗಿ ಮಾತಾಡ್ಕೊಂಡು, ಜಗಳ ಆಡ್ಕೊಂಡು, ಅಂಗಡೀಲಿ ಪೆನ್ಸಿಲ್ ತಗೊಂಡು ಬರೋದ್ರಲ್ಲಿ ಊರಿನ ಪರಿಚಯ ಆಗುತ್ತೆ. ವ್ಯಾನಲ್ಲಿ ಕೂತು ಹೋಗೋ ಮಗುವಿಗೆ ಹತ್ತು ವರ್ಷ ಆದ್ರೂ ತನ್ನ ಬೀದಿ ಹೆಸರು ಗೊತ್ತಿರಲ್ಲ. 5ನೇ ಕ್ಲಾಸ್ ಹೊತ್ತಿಗೆ ಮಗಳು ಗೆಳತಿಯರ ಜೊತೆ ತಾನೇ ಹೋಗಿ ಬರೋ ಹಾಗಿರ್ಬೇಕು ಅನ್ನೋದು ನನ್ನ ಆಸೆ. ಆರ್‌ಟಿಇ ನಿಯಮದಲ್ಲಿ ಆ 1 ಕಿಲೋಮೀಟರ್ ಅಂತ ಬರೆದಿರೋದೂ ಇದಕ್ಕೇ ತಾನೇ, ಮಗುವಿನ ಕಾಲಳತೆಗೆ.

ದುಡ್ಡಿನ ಲೆಕ್ಕ ಹಾಕಿದ್ದೀನಿ, ಅದನ್ನೂ ಹೇಳ್ತೀನಿ. ಸ್ಕೂಲು ಪಕ್ಕ ಅನ್ನೋ ಒಂದೇ ಕಾರಣಕ್ಕೆ 10 ಲಕ್ಷ ಜಾಸ್ತಿ ಕೊಡ್ತೀವಿ ಅಂದ್ಕೊಳ್ಳಿ, ಅದೂ ಸಾಲ ಮಾಡಿ, 20 ವರ್ಷಕ್ಕೆ, ಎಂಟೂವರೆ ಪರ್ಸೆಂಟ್ ಬಡ್ಡಿ. ತಿಂಗಳಿಗೆ ಹತ್ತಿರ ಹತ್ತಿರ 8,680 ರೂಪಾಯಿ ಇಎಂಐ, ಕೊನೆಗೆ ಕಟ್ಟೋದು 20 ಲಕ್ಷ 80 ಸಾವಿರದ ಮೇಲೆ. ರಿಜಿಸ್ಟ್ರೇಷನ್ ಬೇರೆ, ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಸೆಸ್ಸು ಸರ್‌ಚಾರ್ಜು ಸೇರಿ 5.6, ಅದರ ಮೇಲೆ ರಿಜಿಸ್ಟ್ರೇಷನ್ ಫೀಸು 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಪರ್ಸೆಂಟ್ ಆಗಿದೆ, ಅಲ್ಲಿಗೆ ಆ ಜಾಸ್ತಿ 10 ಲಕ್ಷದ ಮೇಲೇ 76 ಸಾವಿರ. ವ್ಯಾನಿಗೆ ತಿಂಗಳಿಗೆ 2 ಸಾವಿರ ಅಂತ ಇಟ್ಕೊಂಡ್ರೂ ಇಬ್ಬರು ಮಕ್ಕಳಿಗೆ 4 ಸಾವಿರ, ಅದೂ ರಜೆ ತಿಂಗಳು ಬಿಟ್ಟು. ಇನ್ನೊಂದು, ಸಾಲ 20 ವರ್ಷ, ಸ್ಕೂಲು 1ರಿಂದ 10ನೇ ಕ್ಲಾಸು ಅಂದ್ರೆ 10 ವರ್ಷ. ಪಿಯುಸಿಗೆ ಬಂದಾಗ ಕಥೆ ಪೂರ್ತಿ ಬೇರೆ, ಸೈನ್ಸಾ ಕಾಮರ್ಸಾ, ಯಾವ ಕಾಲೇಜು, ಅಷ್ಟೊತ್ತಿಗೆ ಮಕ್ಕಳು ಸಿಟಿ ಬಸ್ಸಲ್ಲಿ ಊರಿನ ಆ ತುದಿಗೂ ಹೋಗ್ತಾರೆ, ಮೂಡಬಿದಿರೆಗೂ ಹೋಗ್ತಾರೆ. ಹಂಗಂತ ಹತ್ರದ ಮನೆಗೆ ಬೆಲೆನೇ ಇಲ್ಲ ಅಂತಲ್ಲ. ದಿನಾ ಬೆಳಿಗ್ಗೆ ಮಗು ಮುಕ್ಕಾಲು ಗಂಟೆ ಜಾಸ್ತಿ ನಿದ್ದೆ ಮಾಡುತ್ತೆ ಅನ್ನೋದಕ್ಕೆ ನಾನು ಸ್ವಲ್ಪ ದುಡ್ಡು ಕೊಡೋಕೆ ರೆಡಿ ಇದ್ದೀನಿ. ಆದ್ರೆ 10 ಲಕ್ಷ ಅಲ್ಲ.

ಇನ್ನು ಯಾವ ಸ್ಕೂಲಿನ ಹೆಸರಿಗೆ ರೇಟು ಏರಿದೆಯೋ ಆ ಸ್ಕೂಲಿನ ಬಗ್ಗೆನೇ ಎರಡು ಮಾತು. ಮನೆ ಅಲ್ಲೇ ಇರುತ್ತೆ, ಸ್ಕೂಲು ಬದಲಾಗುತ್ತೆ. ಮ್ಯಾನೇಜ್‌ಮೆಂಟ್ ಬದಲಾಗುತ್ತೆ, ಚೆನ್ನಾಗಿದ್ದ ಟೀಚರ್‌ಗಳು ಬಿಟ್ಟು ಹೋಗ್ತಾರೆ, ಹೈಸ್ಕೂಲ್ ಸೆಕ್ಷನ್ನನ್ನ ಊರಾಚೆ ಹೊಸ ಕ್ಯಾಂಪಸ್‌ಗೆ ತಗೊಂಡು ಹೋಗ್ತಾರೆ. ಸಿಬಿಎಸ್‌ಇ ಅಂತ ಬೋರ್ಡ್ ಹಾಕ್ಕೊಂಡು ಮಾನ್ಯತೆನೇ ಇಲ್ದೆ ನಡೆಸೋ ಸ್ಕೂಲುಗಳ ಸುದ್ದಿ ರಾಜ್ಯದಲ್ಲಿ ಎಷ್ಟು ಸಲ ಬಂದಿಲ್ಲ. ನಮ್ಮ ಪರಿಚಯದೋರೊಬ್ರು ಒಂದು ಸ್ಕೂಲನ್ನ ನಂಬ್ಕೊಂಡು ಅದೇ ರೋಡಲ್ಲಿ ಮನೆ ತಗೊಂಡ್ರು, ಮಗ 8ನೇ ಕ್ಲಾಸಿಗೆ ಬಂದಾಗ ಗೊತ್ತಾಯ್ತು ಅಲ್ಲಿ ಬೋರ್ಡ್ ಪರೀಕ್ಷೆ ಕಟ್ಟೋ ಹಾಗೇ ಇಲ್ಲ, ಬೇರೆ ಸ್ಕೂಲಿಂದ ಬರೆಸ್ತಾರೆ ಅಂತ. ಸಿಬಿಎಸ್‌ಇ ಮಾನ್ಯತೆ ಇದೆಯಾ ಇಲ್ವಾ ಅಂತ ಬೋರ್ಡಿನ ಸಾರಸ್ ಪೋರ್ಟಲ್ಲಲ್ಲೇ ಸ್ಕೂಲಿನ ಹೆಸರು ಹಾಕಿ ನೋಡ್ಬೋದು. ಪ್ರತಿ ಸ್ಕೂಲಿಗೂ 11 ಅಂಕಿಯ ಯುಡೈಸ್ ಕೋಡ್ ಇರುತ್ತೆ, ಕರ್ನಾಟಕದ್ದು 29ರಿಂದ ಶುರುವಾಗುತ್ತೆ, ಅದನ್ನ ಹಾಕಿದ್ರೆ ಯಾವ ಕ್ಲಾಸಿಂದ ಯಾವ ಕ್ಲಾಸಿನವರೆಗೆ, ಯಾವ ಮಾಧ್ಯಮ, ಎಷ್ಟು ಟೀಚರ್ಸ್ ಅನ್ನೋದು ಸಿಗುತ್ತೆ. ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಹೋಗಿ ಕೇಳಿದ್ರೂ ಹೇಳ್ತಾರೆ. ಅಡ್ಮಿಷನ್‌ಗೆ ಮಗೂಗೆ ಟೆಸ್ಟು, ಅಪ್ಪ ಅಮ್ಮಂಗೆ ಇಂಟರ್‌ವ್ಯೂ ಅಂತ ಮಾಡೋ ಸ್ಕೂಲಿದ್ರೆ ಅದು ಆರ್‌ಟಿಇ ಕಾಯ್ದೆಯ 13ನೇ ಸೆಕ್ಷನ್‌ಗೆ ವಿರುದ್ಧ, ಮೊದಲ ಸಲಕ್ಕೇ 25 ಸಾವಿರದವರೆಗೂ ದಂಡ ಹಾಕ್ಬೋದು. ಸೀಟು ಬೇಕಾದೋರು ಯಾರೂ ಕೇಳಲ್ಲ, ನನಗೂ ಗೊತ್ತು, ಆದ್ರೂ ತಿಳ್ಕೊಂಡಿರ್ಬೇಕು.

ಹೊಸ ಲೇಔಟುಗಳಲ್ಲಿ ಇನ್ನೊಂದು ಮಾತು ಕೇಳಿಸುತ್ತೆ, ಪ್ಲಾನ್ ಬಿಚ್ಚಿ ತೋರಿಸಿ "ಇಲ್ಲಿ ಸಿಎ ಸೈಟ್ ಇದೆ, ಇಂಟರ್‌ನ್ಯಾಷನಲ್ ಸ್ಕೂಲ್ ಬರುತ್ತೆ" ಅಂತ. ಸಿಎ ಸೈಟ್ ಅಂದ್ರೆ ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟಿರೋ ಜಾಗ, ಅಲ್ಲಿ ಸ್ಕೂಲೇ ಬರ್ಬೇಕು ಅಂತೇನಿಲ್ಲ, ಆಸ್ಪತ್ರೆನೂ ಆಗ್ಬೋದು, ಸಮುದಾಯ ಭವನನೂ ಆಗ್ಬೋದು, ಮಕ್ಕಳು ಓದಿ ಮುಗಿಸೋವರೆಗೂ ಪಾರ್ಥೇನಿಯಂ ಬೆಳ್ಕೊಂಡೂ ಇರ್ಬೋದು. ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೋ ಬರುತ್ತೆ ಅನ್ನೋ ಮಾತನ್ನೂ ಇದರ ಜೊತೆಗೇ ಸೇರಿಸ್ತಾರೆ. ಬಂದ್ರೆ ಸಂತೋಷ, ಆದ್ರೆ ಇವತ್ತಿನ ರೇಟಲ್ಲಿ ನಾಳಿನ ಮೆಟ್ರೋಗೂ ನಾಳಿನ ಸ್ಕೂಲಿಗೂ ದುಡ್ಡು ಕೊಡೋಕಾಗಲ್ಲ. ಇವತ್ತು ಗೇಟ್ ತೆಗೆದಿರೋ ಸ್ಕೂಲುಗಳನ್ನ ಮಾತ್ರ ಎಣಿಸಿ.

ಎಣಿಸೋವಾಗ ಸರ್ಕಾರಿ ಮತ್ತು ಅನುದಾನಿತ ಸ್ಕೂಲುಗಳನ್ನ ಬಿಡ್ಬೇಡಿ ಅನ್ನೋದು ನನ್ನ ಕಳಕಳಿಯ ಮಾತು. ಮನೆ ನೋಡೋ ಜನ ಪ್ರೈವೇಟ್ ಸ್ಕೂಲಿನ ಹೆಸರು ಮಾತ್ರ ಕೇಳ್ತಾರೆ. ನಮ್ಮೂರಿನ ಎಂಪ್ರೆಸ್ ಹೆಣ್ಮಕ್ಕಳ ಸ್ಕೂಲು ಎಷ್ಟೋ ಮನೆಗಳಲ್ಲಿ ಅಮ್ಮ, ಮಗಳು ಇಬ್ರೂ ಓದಿರೋ ಸ್ಕೂಲು, ಈಗ ಅದು ಕರ್ನಾಟಕ ಪಬ್ಲಿಕ್ ಸ್ಕೂಲು. ಕೆಪಿಎಸ್ ಅಂದ್ರೆ ಎಲ್‌ಕೆಜಿಯಿಂದ ಪಿಯುಸಿವರೆಗೂ ಒಂದೇ ಕಡೆ, ಮಧ್ಯೆ ಸ್ಕೂಲ್ ಬದಲಾಯಿಸೋ ತಾಪತ್ರಯ ಇಲ್ಲ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಪ್ರೈಮರಿ ಸ್ಕೂಲುಗಳಲ್ಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಶುರು ಮಾಡಿದ್ರು. ಹತ್ರದಲ್ಲಿ ಒಂದು ಒಳ್ಳೆ ಸರ್ಕಾರಿ ಸ್ಕೂಲೋ ಹಳೇ ಅನುದಾನಿತ ಸ್ಕೂಲೋ ಇದ್ರೆ ಮನೆಯ ಕಷ್ಟ ಕಾಲಕ್ಕೆ ಅದೊಂದು ದೊಡ್ಡ ಧೈರ್ಯ, ಕೆಲಸ ಹೋಯ್ತು, ಆಸ್ಪತ್ರೆ ಖರ್ಚು ಬಂತು, ಇಎಂಐ ಕಟ್ಟೋದೇ ಕಷ್ಟ ಆಯ್ತು ಅಂದ್ರೂ ಮಗುವಿನ ಓದು ನಿಲ್ಲಲ್ಲ. ಸುಮ್ನೆ ಒಂದು ದಿನ ಒಳಗೆ ಹೋಗಿ ಹೆಡ್‌ಮಾಸ್ಟರ್ ಹತ್ರ ಮಾತಾಡಿ, ಒಂದು ಕ್ಲಾಸಿಗೆ ಎಷ್ಟು ಮಕ್ಕಳು, ಗಣಿತಕ್ಕೆ ಇಂಗ್ಲಿಷಿಗೆ ಕಾಯಂ ಟೀಚರ್ ಇದ್ದಾರಾ, ಹೆಣ್ಮಕ್ಕಳ ಟಾಯ್ಲೆಟ್‌ಗೆ ನೀರಿದೆಯಾ ಅಂತ ಕೇಳಿ. ನಾನು ಹೋದ ಒಂದು ಕಡೆ ಟೀಚರಮ್ಮ ಅಷ್ಟು ಪ್ರೀತಿಯಿಂದ ಎಲ್ಲ ತೋರಿಸಿದ್ರು, ನಲಿಕಲಿ ಕ್ಲಾಸಲ್ಲಿ ಮಕ್ಕಳು ನೆಲದ ಮೇಲೆ ಕಾರ್ಡ್ ಹರಡ್ಕೊಂಡು ಓದ್ತಿದ್ವು. ಆ ಸ್ಕೂಲು ಈಗ ನಮ್ಮ ಲಿಸ್ಟಲ್ಲಿದೆ. ಮಕ್ಕಳ ಸಂಖ್ಯೆ ತೀರಾ ಕಮ್ಮಿ ಇರೋ ಚಿಕ್ಕ ಸ್ಕೂಲಾದ್ರೆ, ಪಕ್ಕದ ದೊಡ್ಡ ಸ್ಕೂಲಿಗೆ ಸೇರಿಸೋ ಮಾತಿದೆಯಾ ಅಂತಲೂ ಕೇಳ್ಬೇಕು.

ಸ್ಕೂಲಿಗೆ ತೀರಾ ಅಂಟ್ಕೊಂಡಿರೋ ಮನೆನೂ ಬೇಡ. ಬೆಳಿಗ್ಗೆ ಸಾಯಂಕಾಲ ಗೇಟ್ ಮುಂದೆ ಕಾರು ನಿಂತಿರುತ್ತೆ, ಬಸ್ಸಿನ ಹಾರ್ನು, ಪ್ರೇಯರ್ ಮೈಕು, ವಾರ್ಷಿಕೋತ್ಸವದ ಒಂದು ತಿಂಗಳು ಮುಂಚಿಂದ ಡ್ಯಾನ್ಸ್ ಪ್ರಾಕ್ಟೀಸು. ಮನೇಲಿ ವಯಸ್ಸಾದೋರಿದ್ರೆ ತುಂಬಾ ಹಿಂಸೆ. ಐದಾರು ರೋಡು ಆಚೆ, ಎರಡು ಮೂರು ಸ್ಕೂಲುಗಳಿಗೆ ನಡೆದು ಹೋಗೋ ಹಾಗೆ ಮಧ್ಯದಲ್ಲಿರೋ ಮನೆ ಒಳ್ಳೇದು. ಒಂದು ಸ್ಕೂಲು ಮಗೂಗೆ ಹಿಡಿಸ್ಲಿಲ್ಲ ಅಂದ್ರೆ ಮನೆ ಬದಲಾಯಿಸ್ದೆ ಸ್ಕೂಲು ಬದಲಾಯಿಸ್ಬೋದು.

ಮನೆಯದೇ ಆದ ವಿಷಯಗಳು, ಇ-ಖಾತಾ, ಇಸಿ (ಮನೆ ಮೇಲೆ ಸಾಲ, ಋಣ ಏನಾದ್ರೂ ಇದೆಯಾ ಅಂತ ತೋರಿಸೋ ಪತ್ರ), ಟೂಡಾ ಅಂದ್ರೆ ನಮ್ಮೂರಿನ ನಗರಾಭಿವೃದ್ಧಿ ಪ್ರಾಧಿಕಾರದ ಅಪ್ರೂವಲ್ಲು, ಬುಗುಡನಹಳ್ಳಿ ಕೆರೆ ನೀರು ಆ ರೋಡಿಗೆ ಬರುತ್ತಾ ಬೋರ್‌ವೆಲ್ಲೇ ಗತಿನಾ, ಇದೆಲ್ಲ ಬೇರೇನೇ ಬರೀಬೇಕಾದಷ್ಟಿದೆ. ಸ್ಕೂಲು ಎಷ್ಟೇ ಹತ್ರ ಇರ್ಲಿ, ಪೇಪರ್ ಸರಿಯಿಲ್ದಿರೋ ಮನೆಗೆ ಅಡ್ವಾನ್ಸ್ ಕೊಡ್ಬೇಡಿ, ಅಷ್ಟು ಮಾತ್ರ ಇಲ್ಲಿ ಹೇಳ್ತೀನಿ.

ಮಗು ಇನ್ನೂ ಎಲ್‌ಕೆಜಿ ಯುಕೆಜಿ ಇರೋರಿಗೆ ನಾನು ಹೇಳೋದು, ತಕ್ಷಣ ಕೊಂಡ್ಕೋಬೇಡಿ, ಇಷ್ಟ ಆದ ಏರಿಯಾದಲ್ಲಿ ಮೊದಲು ಭೋಗ್ಯಕ್ಕೆ ಹಾಕ್ಕೊಂಡು ಇರಿ. ನಮ್ಮೂರಲ್ಲಿ ಭೋಗ್ಯದ ಮನೆಗಳು ಬೇಕಾದಷ್ಟು ಸಿಗ್ತವೆ, ಎರಡು ಮೂರು ವರ್ಷದಲ್ಲಿ ಮಗೂಗೆ ಆ ಸ್ಕೂಲು ಹೊಂದುತ್ತಾ, ಮಳೆಗಾಲದಲ್ಲಿ ರೋಡು ಹೆಂಗಿರುತ್ತೆ, ನೀರು ಹೆಂಗೆ, ಅಕ್ಕಪಕ್ಕದೋರು ಹೆಂಗೆ ಎಲ್ಲ ತಿಳಿದುಬಿಡುತ್ತೆ, ಕೊಟ್ಟ ದುಡ್ಡೂ ವಾಪಸ್ ಬರುತ್ತೆ. ಕರಾರು ಸರಿಯಾಗಿ ಬರೆಸ್ಕೊಳ್ಳಿ, ಆ ಮನೆ ಮೇಲೆ ಸಾಲ ಇದೆಯಾ ಅಂತ ಇಸಿ ತೆಗೆಸಿ ನೋಡಿ.

ನಾವೂ ಈಗಿರೋದು ಭೋಗ್ಯದ ಮನೇಲೇ, ಮುಂದಿನ ಮೇಗೆ ಮುಗಿಯುತ್ತೆ. ಎರಡು ಮನೆ ಮನಸಲ್ಲಿದೆ. ಒಂದು ಸ್ಟೇಷನ್ ಹತ್ರ, ನಮ್ಮನೆಯವ್ರಿಗೆ ಬಹಳ ಇಷ್ಟ, ಸ್ಕೂಲಿಗೆ ವ್ಯಾನು ಬೇಕೇ ಬೇಕು. ಇನ್ನೊಂದು ಸ್ವಲ್ಪ ಹಳೇ ಮನೆ, ಅಡುಗೆಮನೆ ಕೆಲಸ ಮಾಡಿಸ್ಬೇಕು, ಸ್ಟೇಷನ್‌ಗೆ ಅವ್ರು ಬೈಕಲ್ಲಿ ಹೋಗ್ಬೇಕು, ಆದ್ರೆ ಆ ಟೀಚರಮ್ಮ ಇರೋ ಸ್ಕೂಲೂ ಸೇರಿ ಮೂರು ಸ್ಕೂಲು ಹಳಿ ಈ ಕಡೆನೇ, ದೊಡ್ಡ ರೋಡು ದಾಟೋ ಹಾಗಿಲ್ಲ. ಅತ್ತೇನ ಕರ್ಕೊಂಡು ಹೋಗಿ ನಡೆಸಿ ನೋಡಿದ್ವಿ, ಮಧ್ಯೆ ಒಂದು ಗಣೇಶನ ಗುಡಿ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತು, ಆರಾಮಾಗಿ ಹೋಗಿ ಬಂದ್ರು. ನನ್ನ ಓಟು ಆ ಹಳೇ ಮನೆಗೆ. ಇಸಿ ಕಾಪಿ ಮತ್ತು ಖಾತೆ ಪೇಪರ್ ಲಾಯರ್ ಹತ್ರ ಕೊಟ್ಟಿದ್ದೀವಿ, ಅವ್ರು ನೋಡಿ ಹೇಳಿದ್ಮೇಲೆ ರೇಟಿನ ಮಾತು.